12-0, ಹತ್ತು ಗೆಲುವು ಮೊದಲ ರೌಂಡಲ್ಲೇ: ಇವನು ನಿಜಕ್ಕೂ ಎಷ್ಟು ಒಳ್ಳೆಯವನು ಅಂತ ಅಳೆಯೋದು ಹೇಗೆ?

ಕೇಜ್_ಪಕ್ಕ (ಪ್ರಶ್ನೆ)

ಹೆಸರು ಹೇಳಲ್ಲ, ಹೇಳಿದ ತಕ್ಷಣ ಇಲ್ಲಿ ಅಭಿಮಾನಿಗಳ ಜಗಳ ಶುರುವಾಗುತ್ತೆ. ಮಿಡಲ್‌ವೇಟ್, ವಯಸ್ಸು 25, ಕುಸ್ತಿಯಿಂದ ಎಂಎಂಎಗೆ (ಹೊಡೆತ, ಕುಸ್ತಿ ಎರಡೂ ಇರೋ ಮಿಶ್ರ ಸಮರ ಕಲೆ) ಬಂದವನು. ರೆಕಾರ್ಡ್ 12-0 (ಗೆಲುವು 12, ಸೋಲು 0). ಹತ್ತು ಫೈಟ್ ಮೊದಲ ರೌಂಡಲ್ಲಿ ಮುಗಿದಿವೆ, ಒಂದು ಎರಡನೇ ರೌಂಡಲ್ಲಿ, ಡಿಸಿಷನ್‌ಗೆ (ಜಡ್ಜ್‌ಗಳ ಅಂಕದ ತೀರ್ಪಿಗೆ) ಹೋದದ್ದು ಒಂದೇ, ಅದೂ ಸಣ್ಣ ಪ್ರಮೋಷನ್‌ನಲ್ಲಿದ್ದಾಗ (ಪ್ರಮೋಷನ್ ಅಂದರೆ ಫೈಟ್ ನಡೆಸೋ ಸಂಸ್ಥೆ). ದೊಡ್ಡ ಪ್ರಮೋಷನ್‌ಗೆ ಬಂದ ಮೇಲೆ ನಾಲ್ಕು ಫೈಟ್ ಆಡಿದ್ದಾನೆ, ನಾಲ್ಕೂ ಸೇರಿ ಕೇಜಿನೊಳಗೆ ಕಳೆದದ್ದು 9 ನಿಮಿಷ.

ಅಂಕಿಅಂಶ ನೋಡಿದರೆ ನಿಮಿಷಕ್ಕೆ 7.9 ಸಿಗ್ನಿಫಿಕೆಂಟ್ ಸ್ಟ್ರೈಕ್ (ಅಂಕಿಅಂಶದಲ್ಲಿ ಮುಖ್ಯ ಅಂತ ಎಣಿಸೋ ಏಟು) ಹೊಡೀತಾನೆ, 1.1 ತಿಂತಾನೆ, ಟೇಕ್‌ಡೌನ್ ಡಿಫೆನ್ಸ್ (ಎದುರಾಳಿ ನೆಲಕ್ಕೆ ಕೆಡವೋದನ್ನ ತಡೆಯೋದು) ಶೇ. 100. ಮುಂದಿನ ವರ್ಷ ಬೆಲ್ಟ್ ಇವನದೇ ಅಂತ ಅರ್ಧ ಜನ, ಬರೀ ಗಾಳಿ ತುಂಬಿಸಿದ್ದಾರೆ ಅಂತ ಇನ್ನರ್ಧ. ಟಾಪ್ 10ರ ಒಬ್ಬನ ಎದುರು ನಿಲ್ಲೋ ಮೊದಲೇ ಇವನ ಮಟ್ಟ ತಿಳಿಯೋಕೆ ಏನೇನು ನೋಡಬೇಕು? "ಕಣ್ಣಿಗೆ ಗೊತ್ತಾಗುತ್ತೆ ಬಿಡಿ" ಅನ್ನೋ ಉತ್ತರ ಬೇಡ.

ಅಂಡರ್‌ಹುಕ್

12-0 ಅನ್ನೋದನ್ನ ಪಕ್ಕಕ್ಕಿಡಿ. ಆ ಹನ್ನೆರಡು ಜನ ಯಾರು ಅಂತ ನೋಡೋದೇ ಮೊದಲ ಕೆಲಸ. ಟ್ಯಾಪಾಲಜಿ ಅಥವಾ ಶೆರ್‌ಡಾಗ್ ಅನ್ನೋ ಫೈಟ್ ದಾಖಲೆಯ ವೆಬ್‌ಸೈಟ್‌ನಲ್ಲಿ ಒಬ್ಬೊಬ್ಬನ ಪುಟ ತೆಗೆದು, ಫೈಟ್ ನಡೆದ ದಿನಕ್ಕೆ ಅವನ ರೆಕಾರ್ಡ್ ಎಷ್ಟಿತ್ತು ಅಂತ ಬರೆದುಕೊಳ್ಳಿ. ಇವತ್ತಿನ ರೆಕಾರ್ಡ್ ನೋಡಿದರೆ ಮೋಸ ಹೋಗ್ತೀರಿ. ಇವತ್ತು 15-9 ಕಾಣೋನು ಆವತ್ತು 13-2 ಇದ್ದಿರಬಹುದು. ಪಕ್ಕದಲ್ಲೇ ಇನ್ನಷ್ಟು ಬರೆಯಿರಿ: ಅದಕ್ಕೂ ಹಿಂದಿನ ಮೂರು ಫೈಟ್ ಏನಾಗಿದ್ದವು, ಮೊದಲೇ ಎಷ್ಟು ಸಲ ನಾಕೌಟ್ ಆಗಿದ್ದ, ಎಷ್ಟು ಸಲ ಸಬ್‌ಮಿಷನ್‌ಗೆ (ಪಟ್ಟು ತಾಳದೆ ಸೋಲೊಪ್ಪೋದು) ಸಿಕ್ಕಿದ್ದ, ಕೆಳಗಿನ ತೂಕದಿಂದ ಹತ್ತಿ ಬಂದವನಾ, ಎಷ್ಟು ದಿನ ಮುಂಚೆ ಫೈಟ್ ಒಪ್ಪಿಕೊಂಡ, ಅದಕ್ಕೆ ಮೊದಲು ಎಷ್ಟು ಕಾಲ ಆಡದೇ ಕೂತಿದ್ದ.

ಎಂಟು ಸಲ ನಾಕೌಟ್ ಆದವನನ್ನು ಒಂಬತ್ತನೇ ಸಲ ಮಲಗಿಸಿದರೆ ನಮಗೆ ಹೊಸದಾಗಿ ತಿಳಿಯೋದು ಏನೂ ಇಲ್ಲ. 20 ಫೈಟಲ್ಲಿ ಒಮ್ಮೆಯೂ ಮಲಗದವನನ್ನು ಮಲಗಿಸಿದರೆ ಆ ಒಂದು ಗೆಲುವು ಉಳಿದ ಐದಕ್ಕೆ ಸಮ. ಆಮೇಲೆ, ಇವನ ಕೈಲಿ ಸೋತವರು ಮುಂದೆ ಏನು ಮಾಡಿದರು ಅಂತಲೂ ನೋಡಿ. ಮುಂದಿನ ಐದರಲ್ಲಿ ನಾಲ್ಕು ಗೆದ್ದಿದ್ದರೆ ಇವನ ಗೆಲುವಿಗೆ ತೂಕ ಬರುತ್ತೆ. ಐದೂ ಸೋತು ಮನೆಗೆ ಹೋಗಿದ್ದರೆ ಹಳೇ ಗೆಲುವಿನ ಬೆಲೆಯೂ ಇಳೀತು.

ಇಷ್ಟಾದ ಮೇಲೆ ಅಸಲು ವಿಷಯ: ಎದುರಾಳಿಗಳ ಶೈಲಿ. ಹನ್ನೆರಡರಲ್ಲಿ ಸೌತ್‌ಪಾ (ಬಲಗಾಲು ಮುಂದಿಟ್ಟು ನಿಲ್ಲೋ ಎಡಗೈ ಫೈಟರ್) ಎಷ್ಟು ಜನ? ಕಾಲಾಡಿಸುತ್ತಾ ದೂರದಿಂದಲೇ ಹೊಡೆಯೋರು ಎಷ್ಟು? ಟೇಕ್‌ಡೌನ್ ತಡೆದು ವಾಪಸ್ ಹೊಡೆಯೋರು? ಕೆಳಗೆ ಬಿದ್ದರೂ ಕೈ ಕಾಲಿಗೆ ಗಾಳ ಹಾಕೋರು? ಯುಎಫ್‌ಸಿ (ಅತಿ ದೊಡ್ಡ ಎಂಎಂಎ ಪ್ರಮೋಷನ್) ಚಾಂಪಿಯನ್ ರೋಂಡಾ ರೌಸಿ 12-0 ಇದ್ದಾಗ ಹನ್ನೊಂದು ಗೆಲುವು ಮೊದಲ ರೌಂಡಲ್ಲೇ ಬಂದಿದ್ದವು. ಆ ಗೆಲುವುಗಳು ಸುಳ್ಳಲ್ಲ. ಆದರೆ ಕ್ಲಿಂಚಿಗೆ (ಮೈಗೆ ಮೈ ತಾಗಿಸಿ ಹಿಡಿಯೋದಕ್ಕೆ) ಸಿಗದೆ ಸುತ್ತು ಹೊಡೆಯುತ್ತಾ ಎಡಗೈ ಬಿಡುವ ಸೌತ್‌ಪಾ ಬಾಕ್ಸರ್ ಅಲ್ಲಿವರೆಗೆ ಎದುರಾಗಿರಲಿಲ್ಲ. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಹಾಲಿ ಹೋಮ್ ಎದುರಾದಳು. ರೌಸಿ ನೇರಕ್ಕೆ ನುಗ್ಗಿ ನುಗ್ಗಿ ಏಟು ತಿಂದಳು, ಎರಡನೇ ರೌಂಡಲ್ಲಿ ಹೆಡ್ ಕಿಕ್‌ಗೆ ಮುಗೀತು.

ಹಾಗಂತ ದುರ್ಬಲ ಪಟ್ಟಿ ಕಂಡ ಕೂಡಲೇ "ಡಬ್ಬಾ" ಅಂತ ತೀರ್ಪು ಕೊಡಬೇಡಿ. ಖಬೀಬ್ 2012ರಲ್ಲಿ ಯುಎಫ್‌ಸಿಗೆ ಬಂದಾಗ 16-0. ಆ ಹದಿನಾರರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ನೆನಪಿಲ್ಲ. 2020ರಲ್ಲಿ 29-0 ಆಗಿ ನಿವೃತ್ತನಾದ. ಪಟ್ಟಿ ದುರ್ಬಲ ಅಂದರೆ ಪ್ರಶ್ನೆಗಳನ್ನೇ ಇನ್ನೂ ಕೇಳಿಲ್ಲ ಅಂತ ಅರ್ಥ, ಉತ್ತರ ತಪ್ಪು ಅಂತ ಅಲ್ಲ.

ಲೆಕ್ಕ_ಪಕ್ಕಾ

ಅಂಕಿಅಂಶದ ಬಗ್ಗೆ ಮಾತ್ರ ಹೇಳ್ತೀನಿ, ಅಲ್ಲೇ ಹೆಚ್ಚು ಜನ ಜಾರೋದು.

9 ನಿಮಿಷದಲ್ಲಿ ನಿಮಿಷಕ್ಕೆ 7.9 ಅಂದರೆ ಒಟ್ಟು 71 ಏಟು. ಒಬ್ಬನನ್ನು ಕೆಡವಿ ರೆಫ್ರಿ ಬಂದು ತಡೆಯೋವರೆಗೆ ಮೇಲೆ ಕೂತು ಬಾರಿಸಿದರೆ 40 ಸೆಕೆಂಡಲ್ಲಿ 25-30 ಏಟು ಸೇರಿಕೊಳ್ಳುತ್ತೆ. ಅಂಥ ಎರಡು ಫೈಟ್ ಇದ್ದರೆ ಆ 71ರಲ್ಲಿ ಮುಕ್ಕಾಲು ಪಾಲು ಆಗಲೇ ಸೋತವನ ಮೇಲೆ ಬಿದ್ದದ್ದು. ದೂರದಿಂದ, ನಿಂತು, ಎದುರಾಳಿ ಎಚ್ಚರವಾಗಿದ್ದಾಗ ಹೊಡೆದದ್ದು ಎಷ್ಟು ಅನ್ನೋದು ಬೇರೆ ಸಂಖ್ಯೆ. ಫೈಟ್‌ವಾರು ಪುಟದಲ್ಲಿ ದೂರ, ಕ್ಲಿಂಚ್, ನೆಲ ಅಂತ ಮೂರು ಭಾಗ ಮಾಡಿ ಕೊಟ್ಟಿರ್ತಾರೆ. ದೂರದ ಕಾಲಮ್ ಮಾತ್ರ ತೆಗೆದು, ಪ್ರಯತ್ನ ಎಷ್ಟು, ತಗುಲಿದ್ದು ಎಷ್ಟು ಅಂತ ನೋಡಿ. ದೂರದ ಏಟುಗಳೆಲ್ಲ ಸಿಗ್ನಿಫಿಕೆಂಟ್ ಲೆಕ್ಕಕ್ಕೇ ಬರುತ್ತವೆ, ಸುಮ್ಮನೆ ಮುಟ್ಟಿಸಿದ ಜ್ಯಾಬೂ (ಮುಂದಿನ ಕೈಯ ನೇರ ಏಟು) ಸೇರಿ. ಆದ್ದರಿಂದ ಅದು ಏಟಿನ ಭಾರ ಹೇಳಲ್ಲ.

1.1 ತಿಂದಿದ್ದಾನೆ ಅಂದರೆ ಒಟ್ಟು ಹತ್ತು ಏಟು. ಅದನ್ನು "ಡಿಫೆನ್ಸ್ ಅದ್ಭುತ" ಅಂತಲೂ ಓದಬಹುದು, "ಇವನ ಗದ್ದ ಗಟ್ಟಿಯೋ ಗಾಜೋ ಯಾರಿಗೂ ಗೊತ್ತಿಲ್ಲ" ಅಂತಲೂ ಓದಬಹುದು. ಎರಡನೆಯದೇ ಸರಿಯಾದ ಓದು.

ಟೇಕ್‌ಡೌನ್ ಡಿಫೆನ್ಸ್ ಶೇ. 100 ಅನ್ನೋದು ಅತಿ ದೊಡ್ಡ ಬಲೆ. ಎದುರಾಳಿ ಮಾಡಿದ ಪ್ರಯತ್ನದಲ್ಲಿ ವಿಫಲವಾದವು ಎಷ್ಟು ಅನ್ನೋದೇ ಆ ಲೆಕ್ಕ. ಇಬ್ಬರು ಒಂದೊಂದು ಸಲ ಕಾಲಿಗೆ ಕೈ ಹಾಕಿ ಬಿಟ್ಟರೂ ಶೇ. 100, ಮೂವತ್ತು ಪ್ರಯತ್ನ ತಡೆದರೂ ಶೇ. 100. ಶೇಕಡಾವಾರು ಬಿಟ್ಟು ಪ್ರಯತ್ನಗಳ ಸಂಖ್ಯೆ ನೋಡಿ. ಹತ್ತಕ್ಕಿಂತ ಕಡಿಮೆ ಇದ್ದರೆ ಆ ಕಾಲಮ್ ಖಾಲಿ ಅಂತಲೇ ತಿಳ್ಕೊಳ್ಳಿ. ಟೇಕ್‌ಡೌನ್ ನಿಖರತೆಯಲ್ಲಿ ಇದು ಉಲ್ಟಾ ಕೆಲಸ ಮಾಡುತ್ತೆ. ಒಂದು ಪಟ್ಟು ಫಲಿಸದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು ಅಂತ ಸರಪಳಿ ಕುಸ್ತಿ ಮಾಡೋನು 9 ಪ್ರಯತ್ನಕ್ಕೆ 3 ಗಳಿಸಿದರೆ ಶೇ. 33 ಕಾಣುತ್ತೆ, ಆದರೆ ಆ ರೌಂಡ್ ಪೂರ್ತಿ ಅವನ ಹಿಡಿತದಲ್ಲೇ ಇರುತ್ತೆ. ಪಕ್ಕದಲ್ಲಿ ಕಂಟ್ರೋಲ್ ಟೈಮ್ ಇಟ್ಟುಕೊಂಡೇ ಓದಬೇಕು.

ಬೆಟ್ಟಿಂಗ್ ಆಡ್ಸ್ ಕೂಡ ಒಂದು ಅಳತೆ, ದುಡ್ಡು ಕಟ್ಟೋಕಲ್ಲ, ಓದೋಕೆ. ಇವನಿಗೆ 1.12 (ಒಂದು ರೂಪಾಯಿ ಕಟ್ಟಿ ಗೆದ್ದರೆ 1.12 ವಾಪಸ್), ಎದುರಾಳಿಗೆ 6.50 ಇದೆ ಅಂತಿಟ್ಟುಕೊಳ್ಳಿ. 1ನ್ನು 1.12ರಿಂದ ಭಾಗಿಸಿದರೆ ಶೇ. 89.3, 6.50ರಿಂದ ಭಾಗಿಸಿದರೆ ಶೇ. 15.4. ಕೂಡಿದರೆ 104.7. ಆ ಹೆಚ್ಚುವರಿ 4.7 ಬುಕ್ಕಿಯ ಪಾಲು. 89.3ನ್ನು 104.7ರಿಂದ ಭಾಗಿಸಿದರೆ ನಿಜವಾದ ಅಂದಾಜು ಶೇ. 85. ಮೊದಲು ಬಿಟ್ಟ ಆಡ್ಸ್ ಮತ್ತು ಫೈಟ್ ದಿನದ ಆಡ್ಸ್ ಎರಡನ್ನೂ ನೋಡಿ. ಹೈಪ್ ಇರೋ ಫೈಟರ್ ಮೇಲೆ ಅಭಿಮಾನಿಗಳ ದುಡ್ಡು ಕೊನೇ ದಿನಗಳಲ್ಲಿ ಸುರಿಯುತ್ತೆ, ಆಗ ಸಂಖ್ಯೆ ಅವನ ಕಡೆ ವಾಲೋದು ಸಾಮರ್ಥ್ಯಕ್ಕಲ್ಲ, ಜನಪ್ರಿಯತೆಗೆ.

ಸೌತ್‌ಪಾ

ಮೇಲಿನ ಎರಡೂ ಮನೇಲಿ ಕೂತು ಕಾಗದದ ಮೇಲೆ ಮಾಡೋ ಕೆಲಸ. ಈಗ ವಿಡಿಯೋ. ಹೈಲೈಟ್ ಬೇಡವೇ ಬೇಡ, ಅದರಲ್ಲಿ ತಪ್ಪಿದ ಏಟು ಇರಲ್ಲ. ಪೂರ್ತಿ ಫೈಟ್ ಹಾಕಿ, ಕಾಮೆಂಟರಿ ಮ್ಯೂಟ್ ಮಾಡಿ. ಮೊದಲ ಸಲ ಇವನ ಪಾದ ಮಾತ್ರ ನೋಡಿ, ಎರಡನೇ ಸಲ ಕೈ ಮತ್ತು ತಲೆ, ಮೂರನೇ ಸಲ ಎದುರಾಳಿಯನ್ನ.

ಪಾದ: ಪಕ್ಕಕ್ಕೆ ಸರಿಯುವಾಗ ಕಾಲು ಅಡ್ಡ ಬರುತ್ತಾ? ಒತ್ತಡ ಬಂದಾಗ ನೇರಕ್ಕೆ ಹಿಂದೆ ಹೋಗಿ ಬೆನ್ನು ಬೇಲಿಗೆ ತಾಗಿಸ್ತಾನಾ, ಇಲ್ಲಾ ಕೋನ ಬದಲಿಸಿ ಹೊರಗೆ ಬರ್ತಾನಾ? ನೇರಕ್ಕೆ ಹಿಂದೆ ಹೋಗೋ ಅಭ್ಯಾಸ ಸಣ್ಣ ಪ್ರಮೋಷನ್‌ನಲ್ಲಿ ಬಯಲಾಗಲ್ಲ, ಯಾಕಂದ್ರೆ ಅಲ್ಲಿ ಇವನನ್ನ ಹಿಂದಕ್ಕೆ ತಳ್ಳೋರೇ ಸಿಗಲ್ಲ. ಮುಂದಿನ ಕಾಲಿನ ಮೇಲೆ ಭಾರ ಹಾಕಿ ನಿಲ್ಲೋನಾದರೆ ಕಾಫ್ ಕಿಕ್ (ಮೀನಖಂಡಕ್ಕೆ ಒದೆ) ಬಂದಾಗ ಕಾಲೆತ್ತಿ ತಡೆಯೋಕೆ ಸಮಯ ಸಿಗಲ್ಲ. 2020ರ ಆಗಸ್ಟ್‌ನಲ್ಲಿ ಶಾನ್ ಒ'ಮ್ಯಾಲಿಗೆ ಮಾರ್ಲನ್ ವೆರಾ ಕೊಟ್ಟ ಒಂದು ಒದೆ ಮೊಣಕಾಲಿನ ಹೊರಬದಿಯ ನರಕ್ಕೆ ಬಿತ್ತು, ಪಾದ ಮಾತು ಕೇಳೋದು ನಿಲ್ಲಿಸಿತು, ಮೊದಲ ರೌಂಡಲ್ಲೇ ಕಥೆ ಮುಗೀತು. ಅಲ್ಲಿವರೆಗೆ ಅವನೂ ಅಜೇಯನೇ.

ಕೈ: ಬಲಗೈ ಬಿಟ್ಟ ಮೇಲೆ ಅದು ಕೆನ್ನೆಗೆ ವಾಪಸ್ ಬರುತ್ತಾ, ಸೊಂಟದ ಹತ್ತಿರ ನಿಲ್ಲುತ್ತಾ? ಹುಕ್ ಬೀಸುವಾಗ ಗದ್ದ ಮೇಲಕ್ಕೆದ್ದಿರುತ್ತಾ? ನಿಧಾನಗತಿಯಲ್ಲಿ, ಏಟು ತಗುಲಿದ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ ನೋಡಿ. ಎದುರಾಳಿ ಅದೇ ಕ್ಷಣದಲ್ಲಿ ಒಂದು ನೇರ ಏಟು ಬಿಟ್ಟಿದ್ದರೆ ಎಲ್ಲಿ ತಗುಲ್ತಿತ್ತು ಅಂತ ಕೇಳ್ಕೊಳ್ಳಿ. ಅರ್ಧ ನಾಕೌಟ್‌ಗಳಲ್ಲಿ ಇಬ್ಬರೂ ಒಟ್ಟಿಗೇ ಬೀಸಿರ್ತಾರೆ, ಇವನದು ಒಂದು ಕ್ಷಣ ಮೊದಲು ತಲುಪಿರುತ್ತೆ. ಅದಕ್ಕೂ, ಜ್ಯಾಬ್ ತೋರಿಸಿ ಗಾರ್ಡ್ ಎತ್ತಿಸಿ ಹೊಟ್ಟೆಗೆ ಹೊಡೆದು ಆಮೇಲೆ ತಲೆಗೆ ಹೊಡೆಯೋದಕ್ಕೂ ಅಜಗಜಾಂತರ. ಮುಗಿಸಿದ ಏಟು ಯಾವುದು ಅನ್ನೋದಕ್ಕಿಂತ ಅದರ ಹಿಂದಿನ ಹತ್ತು ಸೆಕೆಂಡ್ ಮುಖ್ಯ.

ಕುಸ್ತಿ: ಮೊದಲ ಟೇಕ್‌ಡೌನ್ ತಡೆದರು ಅಂದಾಗ ಏನು ಮಾಡ್ತಾನೆ, ಇದೊಂದೇ ನೋಡಿದರೂ ಸಾಕು. ಸಿಂಗಲ್ ಲೆಗ್ (ಒಂದು ಕಾಲು) ಹಿಡಿದು ಅದು ಆಗದಿದ್ದಾಗ ಬೇಲಿಗೆ ಒತ್ತಿ ಡಬಲ್‌ಗೆ (ಎರಡೂ ಕಾಲಿಗೆ) ಬದಲಾಯಿಸಿ, ಅದೂ ಆಗದಿದ್ದರೆ ಬಾಡಿ ಲಾಕ್ ಹಾಕಿ (ಸೊಂಟ ಸುತ್ತಿ ಹಿಡಿದು) ಕಾಲು ಕೊಡ್ತಾನೆ ಅಂದರೆ ಮೇಲಿನ ಮಟ್ಟದಲ್ಲೂ ನಡೆಯುತ್ತೆ. ಬರೀ ಒಂದು ಸ್ಫೋಟಕ ಶಾಟ್ (ಕಾಲಿಗೆ ನುಗ್ಗೋದು), ಅದು ತಪ್ಪಿದರೆ ಎದ್ದು ಉಸಿರು ಬಿಡ್ತಾ ಹಿಂದೆ ಸರಿಯೋದು ಅಂದರೆ ಟಾಪ್ 10ರಲ್ಲಿ ಕಷ್ಟ, ಅಲ್ಲಿ ಮೊದಲ ಶಾಟ್ ತಡೆಯೋಕೆ ಎಲ್ಲರಿಗೂ ಬರುತ್ತೆ. ಇವನೇ ಕೆಳಗೆ ಬಿದ್ದಾಗಿನ ದೃಶ್ಯ ಎಲ್ಲಾದರೂ ಇದ್ದರೆ ಹತ್ತು ಸಲ ನೋಡಿ: ಅಂಡರ್‌ಹುಕ್ (ಕಂಕುಳಡಿ ಕೈ ತೂರಿಸೋ ಹಿಡಿತ) ಗೆದ್ದು, ಬೇಲಿಗೆ ಬೆನ್ನು ಕೊಟ್ಟು, ಒಂದು ಕೈ ನೆಲಕ್ಕೂರಿ ಏಳ್ತಾನಾ, ಇಲ್ಲಾ ಗಾಬರಿಯಲ್ಲಿ ಬೆನ್ನು ತಿರುಗಿಸಿ ಕುತ್ತಿಗೆ ಒಪ್ಪಿಸ್ತಾನಾ?

ಉಸಿರು: ಮೊದಲ ರೌಂಡಿನ 3ನೇ ನಿಮಿಷದಿಂದ 5ನೇ ನಿಮಿಷ. ಬಾಯಿ ತೆರೆದಿದೆಯಾ, ಕೈ ಇಳೀತಾ, ಕ್ಲಿಂಚಲ್ಲಿ ಕೆಲಸ ಮಾಡದೆ ಒರಗಿ ನಿಲ್ತಾನಾ? ಫ್ರಾನ್ಸಿಸ್ ಎನ್‌ಗಾನು 2018ರ ಜನವರಿಗೆ ಬರೋವಾಗ ಯುಎಫ್‌ಸಿಯಲ್ಲಿ ಆರಕ್ಕೆ ಆರೂ ಮುಗಿಸಿದ್ದ. ಸ್ಟೀಪೆ ಮಿಯೊಚಿಚ್ ಮೊದಲ ರೌಂಡ್ ಹೇಗೋ ದಾಟಿದ, ಆಮೇಲಿನ ನಾಲ್ಕು ರೌಂಡಲ್ಲಿ ಎನ್‌ಗಾನು ಕೈ ಎತ್ತೋಕೂ ಕಷ್ಟಪಟ್ಟ. ಮೂವರು ಜಡ್ಜ್‌ಗಳೂ ಮಿಯೊಚಿಚ್‌ಗೆ 50-44 ಕೊಟ್ಟರು (ರೌಂಡ್ ಗೆದ್ದವನಿಗೆ 10, ಸೋತವನಿಗೆ 9 ಅಥವಾ ಕಡಿಮೆ).

ಜಿಮ್ ವಿಡಿಯೋ, ಪ್ಯಾಡ್ ಹೊಡೆಯೋ ವಿಡಿಯೋ, "ಸ್ಪಾರಿಂಗಲ್ಲಿ ಚಾಂಪಿಯನ್‌ನೇ ಮಲಗಿಸಿದ" ಅನ್ನೋ ಸುದ್ದಿ: ಇವಕ್ಕೆಲ್ಲ ಸೊನ್ನೆ ಅಂಕ.

ಮೂರನೇ_ರೌಂಡ್

ಎಲ್ಲ ಸರಿ, ಆದರೆ ಒಂದು ತಕರಾರು. ಬೇಗ ಮುಗಿಸೋನಿಗೆ "ನೀನು ಪರೀಕ್ಷೆಗೇ ಒಳಗಾಗಿಲ್ಲ" ಅಂತ ಅಂಕ ಕಳೆಯೋದು ಅನ್ಯಾಯ. ದುರ್ಬಲ ಎದುರಾಳಿಯನ್ನ ಒಬ್ಬ ಸಾಧಾರಣ ಫೈಟರ್ ಹತ್ತು ನಿಮಿಷ ಒದ್ದಾಡಿ ಸೋಲಿಸ್ತಾನೆ, ದೊಡ್ಡವನು 90 ಸೆಕೆಂಡಲ್ಲಿ ಏಟೇ ತಿನ್ನದೆ ಸೋಲಿಸ್ತಾನೆ. ಆ ವ್ಯತ್ಯಾಸವೂ ಸಾಕ್ಷಿಯೇ.

ಖಮ್ಜತ್ ಚಿಮಾಯೆವ್‌ನನ್ನೇ ತಗೊಳ್ಳಿ. 2020ರ ಜುಲೈನಲ್ಲಿ ಹತ್ತು ದಿನದ ಅಂತರದಲ್ಲಿ ಎರಡು ಗೆಲುವು, ಸೆಪ್ಟೆಂಬರ್‌ನಲ್ಲಿ ಜೆರಾಲ್ಡ್ ಮೀರ್‌ಶಾರ್ಟ್ ವಿರುದ್ಧ 17 ಸೆಕೆಂಡ್. "ಎದುರಾಳಿಗಳು ಯಾರು ಸ್ವಾಮಿ" ಅಂತ ಆಗಲೂ ಇದೇ ಮಾತು. 2022ರ ಏಪ್ರಿಲ್‌ನಲ್ಲಿ ಗಿಲ್ಬರ್ಟ್ ಬರ್ನ್ಸ್ ಎದುರು ಏಟಿಗೆ ಏಟು ತಿಂದು 29-28ರಲ್ಲಿ ಗೆದ್ದ. ಹೈಪ್ ಸುಳ್ಳು ಅಂದವರಿಗೂ ನಿಜ ಅಂದವರಿಗೂ ಆ ಒಂದು ಫೈಟಲ್ಲಿ ಉತ್ತರ ಸಿಕ್ಕಿತು: ಗದ್ದ ಗಟ್ಟಿ, ಛಲ ಇದೆ, ಆದರೆ ತಲೆ ಬಿಸಿಯಾದರೆ ಕುಸ್ತಿ ಮರೆತು ಬೀದಿಜಗಳಕ್ಕೆ ಇಳೀತಾನೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 170 ಪೌಂಡ್ ತೂಕಕ್ಕೆ 178.5 ತೂಗಿದ, ಒಂದು ಪೌಂಡ್ ರಿಯಾಯಿತಿ ಕೊಟ್ಟರೂ 7.5 ಹೆಚ್ಚು. ಆ ತೂಕ ಅವನದಲ್ಲ ಅಂತ ಅಲ್ಲೇ ಗೊತ್ತಾಯ್ತು. ಐದು ರೌಂಡ್ ಉಸಿರು ಸಾಕಾಗುತ್ತಾ ಅನ್ನೋದಕ್ಕೆ ಉತ್ತರ 2025ರ ಆಗಸ್ಟ್‌ವರೆಗೆ ಬರಲಿಲ್ಲ; ಆಗಿನ ಮಿಡಲ್‌ವೇಟ್ ಚಾಂಪಿಯನ್ ಡ್ಯು ಪ್ಲೆಸಿಸ್ ವಿರುದ್ಧ 25 ನಿಮಿಷದಲ್ಲಿ 21ಕ್ಕೂ ಹೆಚ್ಚು ನಿಮಿಷ ಹಿಡಿತದಲ್ಲಿಟ್ಟುಕೊಂಡು ಬೆಲ್ಟ್ ಗೆದ್ದ. ಐದು ವರ್ಷ ಹಿಡೀತು, ಒಂದೊಂದು ಪ್ರಶ್ನೆಗೆ ಒಂದೊಂದು ಫೈಟು.

ಇನ್ನೊಂದು, "ಅಜೇಯ" ಅನ್ನೋ ಪದಕ್ಕೆ ಇಷ್ಟು ಬೆಲೆ ಕೊಡಬೇಡಿ. ಇಸ್ಲಾಮ್ ಮಖಾಚೆವ್ 2015ರಲ್ಲಿ ಮೊದಲ ರೌಂಡಲ್ಲೇ ನಾಕೌಟ್ ಆಗಿದ್ದ. ಜಾರ್ಜ್ ಸೇಂಟ್ ಪಿಯೆರ್ 2007ರಲ್ಲಿ ಮ್ಯಾಟ್ ಸೆರಾ ಕೈಲಿ ಸೋತ. ಸೋತವನು ಮುಂದಿನ ಫೈಟಲ್ಲಿ ಏನು ತಿದ್ದಿಕೊಂಡು ಬಂದ ಅಂತ ನೋಡಿ. ಮೇಲೆ ಹೇಳಿದ ಎನ್‌ಗಾನು 2021ರ ಮರುಫೈಟಲ್ಲಿ ಮಿಯೊಚಿಚ್‌ನ ಟೇಕ್‌ಡೌನ್‌ಗೆ ಸ್ಪ್ರಾಲ್ ಮಾಡಿ (ಕಾಲು ಹಿಂದಕ್ಕೆಸೆದು ಮೈಭಾರ ಹಾಕಿ) ಬೆನ್ನಿಗೆ ಸುತ್ತಿಬಂದ, ಎರಡನೇ ರೌಂಡಲ್ಲಿ ಮುಗಿಸಿದ. ಮೂರು ವರ್ಷದ ಹಿಂದೆ ಅದೇ ಶಾಟ್‌ಗೆ ಬಿದ್ದವನು.

ಕೇಜ್_ಪಕ್ಕ

ಎಲ್ಲರಿಗೂ ಧನ್ಯವಾದ. ಪ್ರಯತ್ನಗಳ ಸಂಖ್ಯೆ ನೋಡಿದೆ, ಇವನ ಮೇಲೆ ಆದ ಟೇಕ್‌ಡೌನ್ ಪ್ರಯತ್ನ ಒಟ್ಟು ಮೂರು. ಶೇ. 100ರ ಬಣ್ಣ ಬಯಲಾಯ್ತು. ಹಾಗಾದ್ರೆ ಆ ಒಂದು ಡಿಸಿಷನ್ ಫೈಟಲ್ಲಿ ಏನು ನೋಡಲಿ? 30-27ರಲ್ಲಿ ಗೆದ್ದಿದ್ದಾನೆ. ಮತ್ತೆ, ಮುಂದೆ ಯಾರ ಜೊತೆ ಆಡಿಸಿದರೆ ಸರಿಯಾಗಿ ಗೊತ್ತಾಗುತ್ತೆ?

ಅಂಡರ್‌ಹುಕ್

ನಿಮ್ಮ ಹತ್ತಿರ ಇರೋ ಅತಿ ಬೆಲೆಬಾಳುವ ವಿಡಿಯೋ ಅದೇ. ಉಳಿದ ಹನ್ನೊಂದನ್ನ ಪಕ್ಕಕ್ಕಿಟ್ಟರೂ ನಷ್ಟ ಇಲ್ಲ.

30-27 ಅನ್ನೋದನ್ನ ನಂಬೋ ಮೊದಲು ನೀವೇ ರೌಂಡ್ ರೌಂಡಾಗಿ ಅಂಕ ಹಾಕಿ. ಏಟಿನ ಮತ್ತು ಗ್ರಾಪ್ಲಿಂಗಿನ ಪರಿಣಾಮ ಮೊದಲು. ಅದು ಪೂರ್ತಿ ಸಮ ಇದ್ದರೆ ಮಾತ್ರ ಆಕ್ರಮಣ, ಅದೂ ಸಮ ಇದ್ದರೆ ಮಾತ್ರ ಕೇಜ್ ಹಿಡಿತ. ಸುಮ್ಮನೆ ಬೇಲಿಗೆ ಒತ್ತಿ ನಿಂತದ್ದಕ್ಕೆ ಅಂಕ ಕೊಡಬೇಡಿ. ದೊಡ್ಡ ಫೈಟ್‌ಗಳಿಗಾದರೆ ಪತ್ರಕರ್ತರು ಹಾಕಿದ ಅಂಕಗಳೂ ಸಿಗುತ್ತವೆ, ಹೋಲಿಸಬಹುದು. 2022ರ ಡಿಸೆಂಬರ್‌ನಲ್ಲಿ ಪ್ಯಾಡಿ ಪಿಂಬ್ಲೆಟ್‌ಗೆ ಮೂವರು ಜಡ್ಜ್‌ಗಳೂ 29-28 ಕೊಟ್ಟರು, ಹೊರಗೆ ಅಂಕ ಹಾಕಿದ ಹೆಚ್ಚಿನವರು ಜ್ಯಾರೆಡ್ ಗಾರ್ಡನ್ ಗೆದ್ದ ಅಂದರು. ರೆಕಾರ್ಡಲ್ಲಿ ಅದು ಬರೀ "ಗೆಲುವು".

ಅಂಕ ಹಾಕಿದ ಮೇಲೆ ಮೂರನೇ ರೌಂಡಿನ ಎಣಿಕೆ ಮಾಡಿ: ಬಿಟ್ಟ ಏಟು ಎಷ್ಟು, ಮೊದಲ ರೌಂಡಿಗೆ ಹೋಲಿಸಿದರೆ ಎಷ್ಟು ಕಡಿಮೆ? ಕಾಲು ಭಾಗ ಇಳಿದರೆ ಸಹಜ. ಅರ್ಧಕ್ಕಿಂತ ಹೆಚ್ಚು ಇಳಿದು, ಎದುರಾಳಿಯದು ಹಾಗೇ ಇದ್ದರೆ ಮುಂದೆ ತೊಂದರೆ ಖಚಿತ. ಮಿಡಲ್‌ವೇಟ್‌ಗೆ ಇವನು ದೊಡ್ಡ ಗಾತ್ರದವನಾದರೆ ತೂಕ ಇಳಿಸಿದ ಸುಸ್ತೂ ಅಲ್ಲೇ ಕಾಣುತ್ತೆ. ರೌಂಡ್ ಮಧ್ಯದ ಒಂದು ನಿಮಿಷಕ್ಕೆ ಮಾತ್ರ ಕಾಮೆಂಟರಿ ಬಿಟ್ಟು ಕಾರ್ನರ್ ಮಾತು ಕೇಳಿಸಿಕೊಳ್ಳಿ. ಕೋಚ್ "ಜ್ಯಾಬ್ ಬಿಡು, ಎಡಕ್ಕೆ ಸುತ್ತು" ಅಂದದ್ದನ್ನ ಮುಂದಿನ ರೌಂಡಲ್ಲಿ ಮಾಡಿದನಾ? ಮಾಡಿದ್ದರೆ ಇವನು ಕಲಿಯೋ ಜಾತಿ. 25 ವರ್ಷಕ್ಕೆ ಅದೇ ದೊಡ್ಡ ಆಸ್ತಿ.

ಎದುರಾಳಿ ಬಗ್ಗೆ: ಮುಂದಿನದಕ್ಕೆ ಸುಲಭಕ್ಕೆ ಮಲಗದ, 35 ದಾಟದ, 10ರಿಂದ 15ರ ರ್‍ಯಾಂಕಿನ ಹಳಬ ಬೇಕು, ಮೂರು ರೌಂಡ್ ಎಳೆಯೋನು. ಅದಾದ ಮೇಲೆ ಟೇಕ್‌ಡೌನ್ ತಡೆದು ಕ್ಲಿಂಚಲ್ಲೇ ಕೆಲಸ ಮಾಡೋನು. ಬೋ ನಿಕಲ್ ಮೂರು ಸಲ ಎನ್‌ಸಿಎಎ (ಅಮೆರಿಕದ ಕಾಲೇಜು) ಕುಸ್ತಿ ಚಾಂಪಿಯನ್, 7-0 ಇದ್ದ. 2025ರ ಮೇನಲ್ಲಿ ರೈನಿಯರ್ ಡಿ ರಿಡ್ಡರ್ ಕ್ಲಿಂಚಿಗೆ ಹೆದರದೆ ಒಳಗೇ ನಿಂತ, ಎರಡನೇ ರೌಂಡಲ್ಲಿ ಹೊಟ್ಟೆಗೆ ಮೊಣಕಾಲು ಕೊಟ್ಟು ಮುಗಿಸಿದ. ಕುಸ್ತಿಯಿಂದ ಬಂದವರಿಗೆ ಈ ಪ್ರಶ್ನೆ ಕೇಳದೆ ಬೆಲ್ಟಿನ ಮಾತೇ ಬೇಡ. ಪ್ರಮೋಷನ್ ಇವನಿಗೆ ಸತತವಾಗಿ ಸೋಲ್ತಾ ಬಂದ, ಕೈ ಬೀಸೋ ಸ್ಟ್ರೈಕರ್‌ಗಳನ್ನೇ ಕೊಡ್ತಾ ಹೋದರೆ, ಒಳಗಿನವರಿಗೂ ಇವನ ಮೇಲೆ ಅಷ್ಟು ಧೈರ್ಯ ಇಲ್ಲ ಅಂತ ತಿಳ್ಕೊಳ್ಳಿ.

ಲೆಕ್ಕ_ಪಕ್ಕಾ

ಒಂದು ಸೇರಿಸ್ತೀನಿ. ಮುಂದಿನ ಫೈಟ್ ಘೋಷಣೆಯಾದ ದಿನವೇ, ಆಡ್ಸ್ ನೋಡೋ ಮೊದಲು, ನಿಮ್ಮ ಅಂದಾಜು ಬರೆದಿಡಿ: ಗೆಲ್ಲೋ ಸಾಧ್ಯತೆ ಶೇ. ಎಷ್ಟು, ಎಷ್ಟನೇ ರೌಂಡು, ಹೇಗೆ, ಮತ್ತು ಸೋತರೆ ಯಾವ ಕಾರಣಕ್ಕೆ. "ಸೋತರೆ ಯಾಕೆ" ಅನ್ನೋ ಸಾಲು ಖಾಲಿ ಬಿಟ್ಟರೆ ನೀವು ಇನ್ನೂ ವಿಡಿಯೋ ಸರಿಯಾಗಿ ನೋಡಿಲ್ಲ. ಆಮೇಲೆ ಆ ಮೂರು ಟೇಕ್‌ಡೌನ್ ಪ್ರಯತ್ನ ಯಾರವು ಅಂತ ನೋಡಿದಿರಾ? ಕುಸ್ತಿ ಬಾರದ ಸ್ಟ್ರೈಕರ್, ಏಟು ತಿಂದು ತಲೆ ಸುತ್ತಿ ಕಾಲಿಗೆ ಬಿದ್ದು ಹಿಡಿದದ್ದೂ ಅಲ್ಲಿ ಪ್ರಯತ್ನ ಅಂತಲೇ ದಾಖಲಾಗಿರುತ್ತೆ.

ಕೇಜ್_ಪಕ್ಕ

ನೋಡಿದೆ. ಮೂರರಲ್ಲಿ ಎರಡು ಹಾಗೇ.